ರೊಟ್ಟಿ ಅರಿವೆಯಿಂದ ಬರೆದ ಮೋಡ

ಐವತ್ತು ದಾಟಿದ ಮೇಲೆ ಮನುಷ್ಯನಿಗೆ ಏನಾದರೊಂದು ಅಂಟಿಕೊಳ್ಳುತ್ತದೆ. ನನ್ನ ಓರಗೆಯವರಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಯೋಗ, ಒಬ್ಬನಿಗೆ ಎರಡೂ. ನನಗೆ ಚಿತ್ರಕಲೆ ಅಂಟಿತು. ಇದಕ್ಕೆ ಮಾತ್ರೆಯಿಲ್ಲ, ಪಥ್ಯವಿಲ್ಲ, ಮನೆಯವರೇ ಅನುಭವಿಸಬೇಕು. ಸೇಡಂನ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನಾನು ಭಾನುವಾರ ಬಂತೆಂದರೆ ಶಹಾಬಾದಿಗೆ ಹೋಗತೊಡಗಿದೆ. ಅಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ತಮ್ಮ ಪಡಸಾಲೆಯಲ್ಲಿ ನನ್ನಂಥವರನ್ನು ಕೂರಿಸಿಕೊಂಡು ಶಾಯಿಯ ಚಿತ್ರ ಕಲಿಸುತ್ತಾರೆ. ಮೊದಲ ದಿನವೇ ನನ್ನ ಹೊಸ ಪೆನ್ನು ನೋಡಿ, “ಇದನ್ನ ಕಿಸೆದಾಗ ಇಡ್ರಿ,” ಎಂದರು. “ಇಷ್ಟು ವರ್ಷ ಆಫೀಸಿನಾಗ ಸಹಿ ಮಾಡೀರಿ. ಪೆನ್ನ ಹಿಡದ್ರ ನಿಮ್ಮ ಕೈ ಮತ್ತ ಸಹೀನೇ ಮಾಡ್ತದ. ಮನ್ಯಾಗ ಏನ ಸಿಗ್ತದೋ ಅದನ್ನ ಶಾಯಿದಾಗ ಅದ್ದಿ ಬರೀರಿ.” ಮನೆಯಲ್ಲಿ ಏನೇ ಸಿಕ್ಕರೂ ಅದು ಹೆಂಡತಿಯದಾಗಿರುತ್ತದೆ ಎಂಬುದು ಮದುವೆಯಾಗದ ಮಾಸ್ತರರಿಗೆ ಹೊಳೆದಿರಲಿಕ್ಕಿಲ್ಲ.

ಮೊದಲು ತೊಗರಿ ಕಟ್ಟಿಗೆ ಹಿಡಿದೆ. ನಮ್ಮ ಕಡೆ ಅದಕ್ಕೇನು ಬರವಿಲ್ಲ. ಕುರಕುಂಟಾದ ಷಡ್ಡಕನ ಹೊಲದಿಂದ ಒಂದು ಹೊರೆಯೇ ಬಂತು. ತೆಳ್ಳಗೆ ಬೇಕೆಂದಾಗ ದಪ್ಪ ಗೆರೆ ಎಳೆಯುವುದು, ದಪ್ಪ ಬೇಕೆಂದಾಗ ಮುರಿಯುವುದು ಅದರ ಸ್ವಭಾವ. ಅದರಿಂದಲೇ ಕಾಗಿಣಾ ನದಿಯ ಸೇತುವೆ ಬರೆದೆ. ಹೆಂಡತಿ ಶಾಂತಾ ಬಗ್ಗಿ ನೋಡಿ, “ಎಮ್ಮಿ ಛಲೋ ಬಂದದರಿ,” ಎಂದಳು. ವಾದಿಸುವುದಕ್ಕಿಂತ ಎರಡು ಕೊಂಬು ಸೇರಿಸುವುದು ಸುಲಭವಾಗಿ ಕಂಡಿತು, ಸೇರಿಸಿದೆ. ಆಮೇಲೆ ಬೇವಿನ ಕಡ್ಡಿ. ತುದಿಯನ್ನು ಜಗಿದರೆ ಕುಂಚವಾಗುತ್ತದೆ. ಬರೆಯುತ್ತ ಬರೆಯುತ್ತ ಕುಂಚ ಮೊಂಡಾಯಿತೆಂದು ಶಾಯಿ ಹತ್ತಿದ ತುದಿಯನ್ನೇ ಮತ್ತೆ ಜಗಿದುಬಿಟ್ಟೆ. ಮರುದಿನ ಕಚೇರಿಯಲ್ಲಿ ಯಾರು ಏನು ಹೇಳಿದರೂ ನಗದೆ ಕೂತಿದ್ದೆ. ಸಾಹೇಬರು ಅದನ್ನು ಗಾಂಭೀರ್ಯವೆಂದು ಮೆಚ್ಚಿಕೊಂಡರು.

ಶಾಂತಾ ಇದಾವುದಕ್ಕೂ ಅಡ್ಡ ಬರಲಿಲ್ಲ. ಅವಳಿಗೆ ಅವಳದೇ ಚಿಂತೆಯಿತ್ತು. ಮಗಳು ಕಲಬುರಗಿಯ ಹಾಸ್ಟೆಲ್ಲಿಗೆ ಹೋದಾಗಿನಿಂದ ಅವಳ ಮನಸ್ಸಿನಲ್ಲಿ ಇದ್ದದ್ದು ಒಂದೇ: ಬಸ್ ನಿಲ್ದಾಣದ ಹತ್ತಿರ ಖಾನಾವಳಿ ನಡೆಸುವ ಶರಣಮ್ಮನಿಗೆ ದಿನಾ ಜೋಳದ ರೊಟ್ಟಿ ಮಾಡಿ ಕೊಡುವುದು. ಶರಣಮ್ಮ ಸುಮ್ಮನೆ ಯಾರ ರೊಟ್ಟಿಯನ್ನೂ ತೆಗೆದುಕೊಳ್ಳುವವಳಲ್ಲ. ಒಲೆಯ ಮುಂದೆ ಕೂತು, ಹಿಟ್ಟು ನಾದುವುದರಿಂದ ಹಿಡಿದು ನೋಡಿಯೇ ಹೂಂ ಅನ್ನುವವಳು. ಸೋಮವಾರ ಬೆಳಿಗ್ಗೆ ಬರುತ್ತೇನೆಂದು ಹೇಳಿ ಕಳಿಸಿದ್ದಳು. “ಇದೊಂದು ಕೂಡಿ ಬರ್ಲಿ ನೋಡ್ರಿ. ನಂದು ಅಂತ ಒಂದು ಕೆಲಸ ಆಗ್ತದ,” ಎಂದು ಶಾಂತಾ ಹೇಳಿದಾಗ ಅವಳ ದನಿ ಸಣ್ಣಗಾಗಿತ್ತು. ನಾನು ಕೇಳಿಸಿಕೊಂಡೆ. ಆದರೆ ನನ್ನ ತಲೆಯಲ್ಲಿ ಆಗ ಮೋಡವಿತ್ತು.

ಮಾಸ್ತರರು ಆ ವಾರ ಮೋಡ ಬರೆದು ತರಲು ಹೇಳಿದ್ದರು. ಕಟ್ಟಿಗೆಯಿಂದ ಬರೆದ ಮೋಡ ಹೂಕೋಸಿನಂತೆ ಬರುತ್ತಿತ್ತು. ಭಾನುವಾರ ಬೆಳಿಗ್ಗೆ, ಶಾಂತಾ ಆ ದಿನದ ರೊಟ್ಟಿ ಮುಗಿಸಿ ಎದ್ದ ಮೇಲೆ, ಅಡುಗೆಮನೆಯಲ್ಲಿ ಹುಡುಕಾಡುವಾಗ ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದ್ದ ರೊಟ್ಟಿಯ ಅರಿವೆ ಕಂಡಿತು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದ ಕೂಡಲೇ ಮೇಲೆ ನೀರು ಸವರುವ ಬಟ್ಟೆ ಅದು. ಶಾಂತಾಳ ಹಳೆಯ ಕಪ್ಪು ಸೀರೆಯ ತುಂಡು. ಶಾಯಿಯಲ್ಲಿ ಅದ್ದಿ ಕಾಗದದ ಮೇಲೆ ಒಮ್ಮೆ ಸವರಿದೆ. ಎಂಥ ಮೋಡ ಬಂತೆಂದರೆ, ನನಗೇ ಕೊಡೆ ಬಿಚ್ಚಬೇಕೆನ್ನಿಸಿತು. ಬಟ್ಟೆಯನ್ನು ತೊಳೆದು, ಹಿಂಡಿ, ಇದ್ದಲ್ಲಿಯೇ ತೂಗುಹಾಕಿದೆ. ಕಪ್ಪು ಬಟ್ಟೆಯಲ್ಲಿ ಕಪ್ಪು ಶಾಯಿ ಉಳಿದಿದೆಯೋ ಹೋಗಿದೆಯೋ ನೋಡುವುದು ಹೇಗೆ ಎಂಬ ಪ್ರಶ್ನೆ ಕಲಾವಿದನಿಗೆ ಏಳಲಿಲ್ಲ.

ಸೋಮವಾರ ಶರಣಮ್ಮ ಬಂದಳು. “ಬರ್ರಿ ಅಕ್ಕೋರ, ಕುಂದ್ರಿ,” ಎಂದು ಮಣೆ ಹಾಕಿ ಶಾಂತಾ ರೊಟ್ಟಿ ಬಡಿಯತೊಡಗಿದಳು. ಚಂದ್ರನಂಥ ರೊಟ್ಟಿ ಹಂಚಿನ ಮೇಲೆ ಬಿತ್ತು. ಅರಿವೆಯನ್ನು ನೀರಿಗೆ ಅದ್ದಿ ಒಮ್ಮೆ ಸವರಿದಳು. ರೊಟ್ಟಿಯ ಮೇಲೆ ಆಷಾಢ ಕವಿಯಿತು. ಶಾಂತಾಳ ಕಣ್ಣು ತುಂಬಿತು. ನನಗೆ ಅಲ್ಲೇ ನೆಲದ ಪರಸಿ ಕಲ್ಲಿನ ಅಡಿ ಸೇರಿಕೊಂಡರೆ ಸಾಕೆನ್ನಿಸಿತು.

“ಇದೇನ್ ತಂಗಿ?” ಎಂದಳು ಶರಣಮ್ಮ.

“ನಮ್ಮನಿಯವರು ಚಿತ್ರ ಕಲಿಲಿಕತ್ತಾರ್ರಿ,” ಎಂದಳು ಶಾಂತಾ.

ಶರಣಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅರಿವಿ ಒಗಿ ಅತ್ತಾಗ. ಕೈಲೇ ನೀರ ಹಚ್ಚು,” ಎಂದು ಶಾಂತಾಳಿಗೆ ಹೇಳಿದಳು. ಶಾಂತಾ ಅರಿವೆಯನ್ನು ಮೂಲೆಗೆ ಎಸೆದು, ಹಂಚು ತೊಳೆದು ಹೊಸದಾಗಿ ಬಡಿದಳು, ಬೆರಳಿನಿಂದಲೇ ನೀರು ಹಚ್ಚಿದಳು. ಈ ರೊಟ್ಟಿ ಪೂರಿಯಂತೆ ಉಬ್ಬಿತು. ಶರಣಮ್ಮ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ತಿಂದಳು. “ರೊಟ್ಟಿ ಭಾಳ ಛಲೋ ಅದ. ಆದ್ರ ಈ ಮನ್ಯಾಗ ಮಾಡಿದ್ದು ನನಗ ಬ್ಯಾಡ. ನಾಳಿಂದ ಖಾನಾವಳಿಗೇ ಬಂದು ಮಾಡು. ಅಲ್ಲಿ ಚಿತ್ರ ಬರಿಯವ್ರು ಯಾರೂ ಇಲ್ಲ.”

ಈಗ ಶಾಂತಾ ಬೆಳಿಗ್ಗೆ ಹೊರಡುತ್ತಾಳೆ. ಅಡುಗೆಮನೆ ಪೂರ್ತಿ ನನ್ನದು. ಯಾವ ಸೌಟನ್ನಾದರೂ ಶಾಯಿಗೆ ಅದ್ದಬಹುದು, ಕೇಳುವವರಿಲ್ಲ. ಆದರೆ ಮಧ್ಯಾಹ್ನ ಹಸಿವಾದರೆ ಖಾನಾವಳಿಗೇ ಹೋಗಬೇಕು. ಮೊನ್ನೆ ಪಕ್ಕದಲ್ಲಿ ಕೂತವರು ಹೈದರಾಬಾದ್ ಬಸ್ಸಿಗೆ ಕಾಯುತ್ತಿದ್ದ ಹಿರಿಯರು. ಒಂದರ ಮೇಲೊಂದು ರೊಟ್ಟಿ ಹಾಕಿಸಿಕೊಳ್ಳುತ್ತ, “ಯಾರ ಕೈ ರೊಟ್ಟಿ ಇದು, ಬೆಣ್ಣಿ ಹಂಗ ಅದ,” ಎಂದರು. ನನಗೆ ತಡೆಯಲಾಗಲಿಲ್ಲ, ಎದೆಯುಬ್ಬಿಸಿ, “ನಮ್ಮ ಮನಿಯವ್ರದ್ರಿ,” ಎಂದೆ.

“ಹೌದೇನು? ಮತ್ತ ನೀವೇನ್ ಮಾಡ್ತೀರಿ?”

ನಾನು ಕಪ್ಪಾದ ಉಗುರುಗಳನ್ನು ತಾಟಿನ ಅಡಿಗೆ ಸರಿಸಿಕೊಂಡೆ.

“ತಿಂತೀನ್ರಿ,” ಎಂದೆ.