ಅತ್ತೆ ಮನೆ ಬಾವಿಯ ನೀರು

ತೊಂದರೆ ಶುರುವಾದದ್ದು ನೀಲಿ ಡೇರೆಯವರ ಹೊಟ್ಟೆಯಿಂದ. ಕಡಲತೀರದ ಡೇರೆ ಬಯಲಿಗೆ ರಜೆ ಕಳೆಯಲು ಬಂದಿದ್ದ ಆ ಸಂಸಾರ ಸಮುದ್ರ ನೋಡಿದ್ದಕ್ಕಿಂತ ಪಾಯಿಖಾನೆಯ ಬಾಗಿಲು ನೋಡಿದ್ದೇ ಹೆಚ್ಚು. ಹೊರಡುವ ದಿನ ಆ ಮನೆಯ ಯಜಮಾನ, ಹೊಸದಾಗಿ ನಡೆಯಲು ಕಲಿತ ಕೂಸಿನ ಹಾಗೆ ಡೇರೆಯಿಂದ ಡೇರೆಗೆ ಹಗ್ಗ ಹಿಡಿದುಕೊಂಡು ಬಂದು, ನಿಮ್ಮ ನೀರು ಸರಿಯಿಲ್ಲ ಎಂದು ಹೇಳಿ ಹೋದ. ಹೇಳಿ ಸುಮ್ಮನಾಗಲಿಲ್ಲ, ಪೇಟೆಯ ನೀರಿನ ಕಚೇರಿಗೂ ಹೋಗಿ ದೂರು ಕೊಟ್ಟ.

ಆ ಬಯಲನ್ನು ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಗೂಟಪ್ಪ ಎನ್ನುತ್ತಿದ್ದರು. ಡೇರೆಯ ಗೂಟ ಹೊಡೆದು ಹೊಡೆದು ಬಂದ ಹೆಸರು ಅದು. ಅವನ ನಿಜವಾದ ಹೆಸರು ಹೆಂಡತಿಗೆ ಗೊತ್ತಿತ್ತು, ಅವಳು ‘ರೀ’ ಎಂದು ಕರೆಯುವವಳು. ಬಯಲಿನ ನಡುವೆ ಒಂದು ಕೈಪಂಪು, ಪಕ್ಕದಲ್ಲಿ ಕಲ್ಲಿನ ಮೇಲೆ ಒಂದು ದೊಡ್ಡ ಡ್ರಮ್ಮು, ಡ್ರಮ್ಮಿಗೆ ಒಂದು ನಲ್ಲಿ. ಬೆಳಿಗ್ಗೆ ಪಂಪು ಹೊಡೆದು ಡ್ರಮ್ಮು ತುಂಬಿಸುವುದು ಗೂಟಪ್ಪನ ಮೊದಲ ಕೆಲಸ. ಆ ಪಂಪೆಂದರೆ ಅವನಿಗೆ ಪ್ರಾಣ. ಹೋದ ವರ್ಷ ಹೊಸ ಪಾಯಿಖಾನೆ ಕಟ್ಟುವಾಗ, ಪಂಪಿನ ಹತ್ತಿರ ಗುಂಡಿ ಬೇಡವೇ ಬೇಡ ಎಂದು ಹಟ ಹಿಡಿದು, ಬಯಲಿನ ಆ ತುದಿಗೆ, ಬೇಲಿಯ ಬುಡದಲ್ಲಿ ತಾನೇ ನಿಂತು ತೋಡಿಸಿದ್ದ.

ಇಷ್ಟೆಲ್ಲ ಮಾಡಿದ್ದರೂ, ನೀರು ಪರೀಕ್ಷೆಗೆ ಮೇಡಂ ಒಬ್ಬರು ಬರುತ್ತಾರೆ ಎಂದು ತಿಳಿದಾಗ ಅವನಿಗೆ ತನ್ನ ಪಂಪಿನ ಮೇಲೆಯೇ ನಂಬಿಕೆ ಹೋಯಿತು. ಬಯಲಿನ ಧಣಿ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. ನೀರು ಕೆಟ್ಟಿದೆ ಎಂದಾದರೆ ಬಯಲಿಗೆ ಬೀಗ, ಡೇರೆಗಳೆಲ್ಲ ಬೇರೆ ತೀರಕ್ಕೆ. ಗೂಟ ಹೊಡೆಯುವುದನ್ನು ಬಿಟ್ಟು ಬೇರೆ ಕೆಲಸ ಕಲಿಯುವ ವಯಸ್ಸು ಗೂಟಪ್ಪನದಲ್ಲ.

“ಇದ್ದದ್ದನ್ನ ಇದ್ದ ಹಾಗೆ ತೋರಿಸಿ ರೀ,” ಎಂದಳು ಹೆಂಡತಿ.

ಅವಳ ಮಾತು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಬೇಲಿಯ ಆಚೆಗೆ ಅವನ ಅತ್ತೆಯ ಮನೆ. ಅವರ ಹಿತ್ತಲಲ್ಲಿ ಒಂದು ಸೇದುವ ಬಾವಿ. ತಮ್ಮ ಬಾವಿಯ ನೀರು ಕುಡಿದವರು ಇನ್ನೊಂದು ಕಡೆ ಬಾಯಿ ಹಚ್ಚುವುದಿಲ್ಲ ಎಂದು ಅತ್ತೆ ಹೇಳದ ದಿನವಿಲ್ಲ. ಒಂದು ವರ್ಷದಿಂದ ಅವರಿಗೆ ಆಗಾಗ ಹೊಟ್ಟೆ ಕೆಡುತ್ತಿತ್ತು, ಪಾಪ. ಅದಕ್ಕೆ ಕಾರಣ ಮಗಳ ಮನೆಯ ಊಟ ಎಂಬುದು ಓಣಿಗೆಲ್ಲ ಗೊತ್ತಿತ್ತು, ಯಾಕೆಂದರೆ ಓಣಿಗೆಲ್ಲ ಹೇಳಿದವರು ಅವರೇ.

ಪರೀಕ್ಷೆಯ ದಿನ ಬೆಳಿಗ್ಗೆ ಗೂಟಪ್ಪ ಡ್ರಮ್ಮು ಖಾಲಿ ಮಾಡಿ, ಎರಡು ಕೊಡ ಹಿಡಿದು ಬೇಲಿ ದಾಟಿದ. ಪಂಪು ಕೆಟ್ಟಿದೆ ಎಂದು ಸುಳ್ಳು ಹೇಳಿದ. ಅತ್ತೆ ಹಗ್ಗ ಕೊಡುವ ಮೊದಲು ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಪಂಪು ಕೆಟ್ಟಿದೆಯೋ, ನೀರು ಕೆಟ್ಟಿದೆಯೋ ಅಳಿಯಂದ್ರೆ?”

“ನಿಮ್ಮ ನೀರಿನ ಮುಂದೆ ನಮ್ಮದು ಯಾವ ಲೆಕ್ಕ ಅತ್ತೆ,” ಎಂದ ಗೂಟಪ್ಪ. ಮದುವೆಯಾದಾಗಿನಿಂದ ಆ ಮಾತಿಗಾಗಿ ಕಾದಿದ್ದವರಂತೆ ಅತ್ತೆಯ ಮುಖ ಅರಳಿತು.

ಸೇದಿ, ಹೊತ್ತು, ಬೇಲಿ ದಾಟಿ ಸುರಿಯುವುದು. ಮತ್ತೆ ಹೋಗುವುದು. ಡ್ರಮ್ಮಿನ ಹೊಟ್ಟೆ ಎಷ್ಟು ದೊಡ್ಡದು ಎಂಬುದು ಅವನಿಗೆ ಅಂದೇ ಗೊತ್ತಾಯಿತು. ಐಸ್‌ಕ್ರೀಮ್ ಗಾಡಿಯವನು, ಗಿರಾಕಿಗಳಿಲ್ಲದ ಹೊತ್ತು, ಗಾಡಿ ತಳ್ಳಿಕೊಂಡು ಅವನ ಹಿಂದೆಯೇ ಓಡಾಡಿದ. ಪಕ್ಕದಲ್ಲೇ ಪಂಪು ಇಟ್ಟುಕೊಂಡು ಯಾಕಣ್ಣ ಹೊರುತ್ತಿದ್ದೀರಿ ಎಂದು ಕೇಳಿದ. ಬೆನ್ನಿಗೆ ವ್ಯಾಯಾಮ ಎಂದ ಗೂಟಪ್ಪ. ನಿಮ್ಮ ಬೆನ್ನು ನೋಡಿದರೆ ಹಾಗೆ ಕಾಣುವುದಿಲ್ಲವಲ್ಲ ಎಂದ ಅವನು. ಕೊನೆಗೆ ಗೂಟಪ್ಪ ಸೋತು, ಪಂಪಿನ ಹಿಡಿಯನ್ನೇ ಕಳಚಿ ಅವನ ಕೈಗೆ ಕೊಟ್ಟು, ಇದನ್ನು ಗಾಡಿಯೊಳಗೆ ಅಡಗಿಸಿಡು, ಪಂಪು ಕೆಟ್ಟಿದೆ ಅನ್ನು, ಹೆಚ್ಚು ಬಾಯಿ ಬಿಡಬೇಡ ಎಂದ. ಬಾಯಿ ಬಿಡದಿರುವುದು ಅವನ ಜಾಯಮಾನವಲ್ಲ ಎಂಬುದನ್ನು ಮರೆತ.

ಮೇಡಂ ಹೇಳಿದ ಹೊತ್ತಿಗೆ ಮುಂಚೆಯೇ ಬಂದರು. ಕೈಯಲ್ಲಿ ಒಂದು ಪೆಟ್ಟಿಗೆ, ತಲೆಗೆ ಒಂದು ಹುಲ್ಲಿನ ಟೋಪಿ. ನೀರಲ್ಲಿ ಅದ್ದಿ ತೆಗೆದ ಬಟ್ಟೆಯ ಹಾಗೆ ನಿಂತಿದ್ದ ಗೂಟಪ್ಪನನ್ನು ನೋಡಿ, ಸಮುದ್ರಕ್ಕೆ ಇಳಿದಿದ್ದಿರಾ ಎಂದು ಕೇಳಿದರು. ಹೌದೆಂದ. ಡ್ರಮ್ಮಿನ ನಲ್ಲಿಯಿಂದ ಒಂದು ಪುಟ್ಟ ಸೀಸೆಗೆ ನೀರು ಹಿಡಿದರು. ಸೀಸೆಯೊಳಗೆ ಮೊದಲೇ ಏನೋ ಪುಡಿ ಇತ್ತು. ಪಾಯಿಖಾನೆಯ ಹೊಲಸು ನೀರಿಗೆ ಸೇರಿದ್ದರೆ ನಾಳೆಯ ಹೊತ್ತಿಗೆ ಸೀಸೆ ಕಪ್ಪಾಗುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ವಿವರಿಸಿದರು. ಗೂಟಪ್ಪನಿಗೆ ಜೀವ ಬಂದ ಹಾಗಾಯಿತು. ಕಪ್ಪಾಗಲಿ ನೋಡೋಣ, ಅದು ಅತ್ತೆಯ ನೀರು.

“ಇನ್ನು ಪಂಪಿನದು ಒಂದು ಸೀಸೆ,” ಎಂದರು ಮೇಡಂ.

ಪಂಪು ಕೆಟ್ಟಿದೆ, ಹಿಡಿಯೇ ಇಲ್ಲ, ರಿಪೇರಿಗೆ ಹೋಗಿದೆ ಎಂದು ಗೂಟಪ್ಪ ಹೇಳುತ್ತಿರುವಾಗಲೇ ಐಸ್‌ಕ್ರೀಮಿನವನು ಉಪಕಾರ ಮಾಡುವ ಮುಖ ಮಾಡಿಕೊಂಡು ಬಂದ.

“ಗೂಟಪ್ಪಣ್ಣ, ಹಿಡಿ ನನ್ನ ಗಾಡೀಲೇ ಇದೆ. ನೀವು ಮರ್ತೇ ಬಿಟ್ರೇನೋ ಅಂತ ತಂದೆ.”

ಮೇಡಂ ಹಿಡಿಯನ್ನು ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡರು. ರಿಪೇರಿಯವರು ಇದನ್ನು ಮಂಜುಗಡ್ಡೆಯಲ್ಲಿ ಇಡುತ್ತಾರೆಯೇ ಎಂದು ಕೇಳಿದರು. ಗೂಟಪ್ಪ ತಾನೇ ಹಿಡಿ ಸಿಕ್ಕಿಸಿ, ತಾನೇ ಪಂಪು ಹೊಡೆದು, ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಳ್ಳುವವನ ಹಾಗೆ ಎರಡನೆಯ ಸೀಸೆ ತುಂಬಿಸಿಕೊಟ್ಟ. ಮೇಡಂ ಎರಡಕ್ಕೂ ಚೀಟಿ ಅಂಟಿಸಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಫಲ ಗೊತ್ತಾಗುವವರೆಗೆ ಯಾರೂ ಈ ನೀರು ಕುಡಿಯಬೇಡಿ ಎಂದು ಹೇಳಿ ಹೋದರು.

ಅಂದು ಗೂಟಪ್ಪನಿಗೆ ಅನ್ನ ಇಳಿಯಲಿಲ್ಲ. ಡ್ರಮ್ಮಿನ ಸೀಸೆ ತಿಳಿ, ಪಂಪಿನ ಸೀಸೆ ಕಪ್ಪು. ಕಣ್ಣು ಮುಚ್ಚಿದರೆ ಅದೇ.

ಮರುದಿನ ಬೆಳಿಗ್ಗೆ ಮೇಡಂ ಪೆಟ್ಟಿಗೆ ತೆರೆದರು. ತಮ್ಮ ನೀರು ಗೆಲ್ಲುವುದನ್ನು ನೋಡಲು ಅತ್ತೆಯೂ ಚೊಂಬು ಹಿಡಿದು ಬೇಲಿಯ ಹತ್ತಿರ ಬಂದು ನಿಂತಿದ್ದರು. ಅಳಿಯ ಎಲ್ಲಿಗೆ ಹೊತ್ತನೆಂಬುದನ್ನು ಐಸ್‌ಕ್ರೀಮಿನವನು ಹೇಳದೆ ಇರುತ್ತಾನೆಯೇ.

ಪಂಪಿನ ಸೀಸೆ ನಿನ್ನೆ ಹೇಗಿತ್ತೋ ಹಾಗೇ ಇತ್ತು. ಡ್ರಮ್ಮಿನ ಸೀಸೆ ಬಾಣಲೆಯ ತಳದ ಹಾಗೆ ಕಪ್ಪಾಗಿತ್ತು.

ಗೂಟಪ್ಪ ಚೀಟಿಗಳನ್ನು ಎರಡು ಸಲ ಓದಿದ.

“ನಿಮ್ಮ ಪಂಪಿನ ನೀರು ಚೆನ್ನಾಗಿದೆ,” ಎಂದರು ಮೇಡಂ. “ಅದೇ ನೀರು ಡ್ರಮ್ಮಿಗೆ ಬಂದು ಕೆಟ್ಟಿದೆ ಅಂದ್ರೆ ಡ್ರಮ್ಮೇ ಹೊಲಸಾಗಿರಬೇಕು. ತಿಕ್ಕಿ ತೊಳೀರಿ ಸಾಕು. ಬಯಲು ಮುಚ್ಚೋದೇನೂ ಬೇಡ.”

ಅಲ್ಲಿಗೆ ಗೂಟಪ್ಪನ ಕಷ್ಟ ಮುಗಿಯಿತು. ಹೂಂ ಎಂದರೆ ಆಯಿತು, ಕೆಲಸವೂ ಉಳಿಯಿತು, ಮಾನವೂ ಉಳಿಯಿತು. ಅಷ್ಟರಲ್ಲಿ ಅತ್ತೆ, ಬಿಸಿಲಿಗೆ ಬಾಯಾರಿತೆಂದು, ಚೊಂಬನ್ನು ಎತ್ತಿದರು.

“ಅತ್ತೆ, ಕುಡೀಬೇಡಿ,” ಎಂದು ಗೂಟಪ್ಪ ಬೇಲಿಗೆ ಓಡಿ ಚೊಂಬು ಕಿತ್ತುಕೊಂಡ. ಆಮೇಲೆ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದ, ಕೊಡ, ಬೇಲಿ, ಹಿಡಿ, ಒಂದನ್ನೂ ಬಿಡದೆ.

ಅತ್ತೆ ಅಳಿಯನ ಕೈಯಲ್ಲಿದ್ದ ಚೊಂಬನ್ನೊಮ್ಮೆ, ಹಿತ್ತಲ ಬಾವಿಯನ್ನೊಮ್ಮೆ ನೋಡಿದರು.

“ನನ್ನ ಬಾವೀನಾ? ಮೊನ್ನೆ ಆ ನೀಲಿ ಡೇರೆಯವರಿಗೆ ನಾನೇ ಕರೆದು ಕೊಡಗಟ್ಟಲೆ ಕೊಟ್ಟೆ. ಪಂಪಿನ ನೀರು ಕುಡೀಬೇಡಿ, ಇದು ಕುಡೀರಿ ಅಂತ. ಅವರೇನು…” ಎಂದು ಶುರು ಮಾಡಿ, ಅಲ್ಲೇ ನಿಲ್ಲಿಸಿದರು. ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ವರ್ಷವಿಡೀ ಮಗಳ ಮನೆಯ ಊಟವನ್ನು ಬೈದದ್ದು ನೆನಪಾಯಿತೋ ಏನೋ.

ಮೇಡಂ ಬೇಲಿಯ ಈಚೆಗೆ ನೋಡಿದರು, ಆಚೆಗೆ ನೋಡಿದರು. ಬೇಲಿಯ ಈ ಬುಡದಲ್ಲಿ ಪಾಯಿಖಾನೆಯ ಗುಂಡಿ, ಆ ಬುಡದಲ್ಲಿ ಬಾವಿ. ಮರಳು ನೆಲ, ಬೇಲಿ ತಡೆಯುವುದು ದನಗಳನ್ನು ಮಾತ್ರ, ನೀರನ್ನಲ್ಲ ಎಂದರು. ಇಲ್ಲಿ ಗುಂಡಿ ತೋಡಿಸಿದ ಪುಣ್ಯಾತ್ಮ ಯಾರು ಎಂದು ಕೇಳಿದರು.

“ಗೂಟಪ್ಪಣ್ಣ. ಹಟ ಹಿಡಿದು ತೋಡಿಸಿದ್ದು,” ಎಂದ ಐಸ್‌ಕ್ರೀಮಿನವನು. ಅವನನ್ನು ಯಾರೂ ಕೇಳಿರಲಿಲ್ಲ.

ಬಯಲಿಗೆ ಬೀಗ ಬೀಳಲಿಲ್ಲ. ಗುಂಡಿ ತಪ್ಪು ಜಾಗದಲ್ಲಿ ತೋಡಿಸಿದವನೇ ಅದನ್ನು ಬರಿದು ಮಾಡಿಸಿ ಮುಚ್ಚಿ, ಮೇಡಂ ತೋರಿಸಿದ ದೂರದ ಜಾಗದಲ್ಲಿ ಹೊಸದು ತೋಡಬೇಕೆಂದು ಧಣಿ ಫೋನಿನಲ್ಲಿ ಹೇಳಿದ. ಬಾವಿಯನ್ನು ಬರಿದು ಮಾಡಿ, ಬ್ಲೀಚಿಂಗ್ ಪುಡಿ ಹಾಕಿ, ಸೀಸೆ ತಿಳಿಯಾಗಿ ಉಳಿಯುವವರೆಗೆ ಅತ್ತೆ ಪಂಪಿನ ನೀರು ಕುಡಿಯಬೇಕೆಂದು ಮೇಡಂ ಹೇಳಿದರು. ಹೊರುವವರು ಯಾರೆಂದು ಯಾರೂ ಕೇಳಲಿಲ್ಲ. ಗೂಟಪ್ಪ ಅದೇ ಎರಡು ಕೊಡ ಹಿಡಿದು, ಅದೇ ಬೇಲಿಯನ್ನು ಈ ಸಲ ತುಂಬಿದ ಕೊಡದೊಂದಿಗೆ ಆ ಕಡೆಗೆ ದಾಟಿದ.

ಅತ್ತೆಯ ಹೊಟ್ಟೆ ನೆಟ್ಟಗಾಯಿತು. ಮಗಳ ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡರು. ಡೇರೆಗಳು ಮತ್ತೆ ತುಂಬಿದವು, ತಿಕ್ಕಿ ತೊಳೆದ ಡ್ರಮ್ಮಿನ ನಲ್ಲಿಗೆ ಮಕ್ಕಳು ಬಾಯಿಟ್ಟು ಕುಡಿದರೂ ಯಾರಿಗೂ ಏನೂ ಆಗಲಿಲ್ಲ. ಮಳೆ ಬಂದು ಹೋದ ಮೇಲೆ ಮೇಡಂ ಬಾವಿಯ ನೀರನ್ನು ಇನ್ನೊಮ್ಮೆ ಪರೀಕ್ಷೆ ಮಾಡಿದರು. ಸೀಸೆ ಕಪ್ಪಾಗಲಿಲ್ಲ. ಗೂಟಪ್ಪ ಕೊಡಗಳನ್ನು ಕವುಚಿಟ್ಟು, ತಾನೇ ಬಾವಿಯಿಂದ ಸೇದಿ, ಚೊಂಬು ತುಂಬಿಸಿ ಅತ್ತೆಯ ಕೈಗೆ ಕೊಟ್ಟು ನಡು ನೆಟ್ಟಗೆ ಮಾಡಿಕೊಂಡ.

ಅತ್ತೆ ಒಂದು ಗುಟುಕು ಕುಡಿದು ಚೊಂಬು ಕೆಳಗಿಟ್ಟರು.

“ಯಾಕೋ ಸಪ್ಪೆ ಅಳಿಯಂದ್ರೆ. ನಿಮ್ಮ ಪಂಪಿನ ನೀರು ಕುಡಿದ ಬಾಯಿಗೆ ಇದು ಒಗ್ಗಲ್ಲ. ನಾಳೆ ಸ್ವಲ್ಪ ಬೇಗ ತನ್ನಿ.”