ಮೇಡಮ್ಮನ ಆರ್ಕಿಡ್ಡಿಗೆ ರಸಬಾಳೆಯ ಮಣ್ಣು

ಆ ಗಿಡಕ್ಕೆ ಮಣ್ಣು ಹಾಕು ಎಂದು ಮಧುಕುಮಾರನಿಗೆ ಯಾರೂ ಹೇಳಿರಲಿಲ್ಲ. ಅವನಿಗೇ ಕನಿಕರ ಉಕ್ಕಿ ಬಂತು. ಕನಿಕರ ಕೆಲವರಿಗೆ ಆಗಿಬರುವುದಿಲ್ಲ, ಏನು ಮಾಡೋಣ.

ನಂಜನಗೂಡಿನ ಪಕ್ಕದ ತಾಂಡ್ಯದ ಒಂದು ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿ ಅವನು ಸ್ಟೋರ್ ಗುಮಾಸ್ತ. ಅದೂ ನಾಲ್ಕು ವರ್ಷದಿಂದ ಕಾಂಟ್ರ್ಯಾಕ್ಟ್ ಮೇಲೆ. ಪಕ್ಕದ ಮೇಜಿನ ದೀಪಕನದೂ ಅದೇ ಪಾಡು. ಈ ಸಲ ಇಬ್ಬರಲ್ಲಿ ಒಬ್ಬನನ್ನು ಪರ್ಮನೆಂಟ್ ಮಾಡುವುದೆಂದು ಮ್ಯಾನೇಜರ್ ಲಿಖಿತಾ ಮೇಡಂ ತೀರ್ಮಾನಿಸಿದ್ದರು. ಹತ್ತು ದಿನದ ಟ್ರೈನಿಂಗಿಗೆಂದು ಪುಣೆಗೆ ಹೊರಡುವಾಗ ತಮ್ಮ ಕಿಟಕಿಯಲ್ಲಿದ್ದ ಆರ್ಕಿಡ್ ಕುಂಡವನ್ನು ತಂದು ಇಬ್ಬರ ಮುಂದಿಟ್ಟರು.

"ನಿಮ್ಮಲ್ಲಿ ಯಾರಾದ್ರೂ ನೋಡ್ಕೊಳ್ಳಿ. ಗಿಡ ನೋಡ್ಕೊಳ್ಳೋರು ಯಾರು ಅಂತ ಗೊತ್ತಾದ್ರೆ, ಸ್ಟೋರ್ ನೋಡ್ಕೊಳ್ಳೋರು ಯಾರು ಅಂತಾನೂ ಗೊತ್ತಾಗುತ್ತೆ," ಎಂದು ನಕ್ಕರು.

ದೀಪಕ ಅದನ್ನು ತಮಾಷೆ ಎಂದುಕೊಂಡ. ಮಧುಕುಮಾರ ಸರ್ಕಾರಿ ಆದೇಶವೆಂದೇ ತಿಳಿದ. ಅವನು ನೋಡಿ ಒಪ್ಪಿದ್ದ ಟಿ. ನರಸೀಪುರದ ಹುಡುಗಿಯ ಅಪ್ಪ ಬೇರೆ, "ಪರ್ಮನೆಂಟ್ ಲೆಟರ್ ತಕಂಡು ಬಾರಪ್ಪ, ಆಮ್ಯಾಕೆ ಮದ್ವೆ ಮಾತು" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಮೇಡಂ ಹೋದ ಮಾರನೆಯ ದಿನ ಕುಂಡದೊಳಗೆ ಇಣುಕಿದರೆ ಮಣ್ಣೇ ಇಲ್ಲ! ಒಂದಿಷ್ಟು ಹಳೇ ಮರದ ತೊಗಟೆ, ನಾಲ್ಕು ಕಲ್ಲು. 'ಪಾಪ, ಉಪವಾಸ ಕೆಡವಿದ್ದಾರಲ್ಲ' ಎಂದು ಅವನ ಕರುಳು ಚುರುಕ್ಕೆಂದಿತು. ಹುಟ್ಟೂರು ಕಳಲೆಯಲ್ಲಿ ಅವನಪ್ಪನದು ಮೂವತ್ತು ಗುಂಟೆ ರಸಬಾಳೆ ತೋಟ. ನಂಜನಗೂಡಿನ ಕಡೆಯವರಿಗೆ ರಸಬಾಳೆಯ ಮಣ್ಣಿನ ಮೇಲಿರುವ ನಂಬಿಕೆ ಡಾಕ್ಟರ ಮೇಲೂ ಇಲ್ಲ. ಬೈಕಿನಲ್ಲಿ ಒಂದು ಚೀಲ ಕಪ್ಪು ಮಣ್ಣು ತಂದು, ಎರಡು ಬೊಗಸೆ ಕೊಟ್ಟಿಗೆ ಗೊಬ್ಬರ ಬೆರೆಸಿ, ಗಿಡವನ್ನು ಕತ್ತಿನವರೆಗೂ ಹೂತು, ದಿನಾ ಒಂದು ಚೊಂಬು ನೀರು ಹೊಯ್ದ.

ಹತ್ತನೆಯ ದಿನ ಸೋಮವಾರ. ಬೆಳಿಗ್ಗೆ ಎಂಟಕ್ಕೆ ಬಂದು ನೋಡುತ್ತಾನೆ, ಹೂವೆಲ್ಲ ಮೇಜಿನ ಮೇಲೆ! ಎಲೆಗಳು ಬೆಂದ ಸೊಪ್ಪಿನಂತೆ ಜೋತುಬಿದ್ದಿವೆ. ಮೇಡಂ ಬರುವುದು ಸಂಜೆ ನಾಲ್ಕಕ್ಕೆ, ಪರ್ಮನೆಂಟ್ ಪಟ್ಟಿಗೆ ಸಹಿ ಹಾಕುವುದೂ ಇವತ್ತೇ. ದೀಪಕ ಮಾತ್ರ ನೆಮ್ಮದಿಯಾಗಿ ಲೋಡ್ ಲಾರಿ ಹತ್ತಿ ಟಿ. ನರಸೀಪುರದ ಗೋಡೌನಿಗೆ ಹೋಗಿದ್ದ.

ಟೀ ತಂದ ಕ್ಯಾಂಟೀನಿನ ಮಂಚಮ್ಮ ಬಾಗಿಲಲ್ಲೇ ನಿಂತಳು.

"ಅಯ್ಯೋ ಸಿವನೇ! ಇದ್ಕೆ ಉಷ್ಣ ಆಗದೆ ಕಣ್ ಮಗ. ಒಂದ್ ಲೋಟ ಮಜ್ಜಿಗೆ ಉಯ್ಯಿ, ತಂಪಾಯ್ತದೆ."

"ಬ್ಯಾಡ ಮಂಚಕ್ಕ, ಗಿಡ ಮಜ್ಜಿಗೆ ಕುಡಿತದಾ?" ಎನ್ನುವುದರೊಳಗೆ ಅವಳು ಮಜ್ಜಿಗೆ ತಂದು ಸುರಿದೂ ಆಗಿತ್ತು. ಅರ್ಧ ಗಂಟೆಯಲ್ಲಿ ಆಫೀಸಿನ ತುಂಬ ಹುಳಿ ವಾಸನೆ ಹರಡಿತು.

ವಾಸನೆ ಹಿಡಿದು ಗೇಟಿನ ಸೆಕ್ಯೂರಿಟಿ ಕಲ್ಲಯ್ಯ ಬಂದ. "ಮಜ್ಜಿಗೆನಾ? ಥೂ! ಬಿಸ್ಲು ಕಾಣ್ದೆ ಇಂಗಾಗದೆ ಕಣ್ಲಾ. ಎಸಿ ರೂಮಲ್ಲಿ ಯಾವ್ ಬೆಳೆ ಬಂದದೆ ಯೋಳು?" ಎಂದು ಕುಂಡ ಎತ್ತಿಕೊಂಡು ಹೋಗಿ ಗೇಟಿನ ಕಟ್ಟೆಯ ಮೇಲೆ ಸುಡುಬಿಸಿಲಿಗೆ ಇಟ್ಟ. ಮಧುಕುಮಾರನಿಗೆ ಅಷ್ಟರಲ್ಲಿ ಸರಕಿನ ಲಾರಿ ಬಂತು. ಅದನ್ನು ಇಳಿಸಿಕೊಂಡು ಒಂದೂವರೆಗೆ ಓಡಿ ಬಂದರೆ ಎರಡು ಎಲೆ ಸುಟ್ಟು ಬಿಳಿಚಿಕೊಂಡಿದ್ದವು.

ಇನ್ನು ಉಳಿದದ್ದು ಎರಡೂವರೆ ಗಂಟೆ. ಅವನಿಗೆ ಅಳುವೇ ಬಂತು. ಮೈಸೂರು ರಸ್ತೆಯ ನರ್ಸರಿಯ ಶಿವಮೂರ್ತಿಗೆ ಫೋನ್ ಹಚ್ಚಿದ.

"ಆರ್ಕಿಡ್ಡಿಗೆ ಏನ್ ಹಾಕಿದ್ರಿ?"

"ರಸಬಾಳೆ ಮಣ್ಣು ಸಾ."

"ಇನ್ನೇನ್ ಹಾಕಿದ್ರಿ?"

"ಕೊಟ್ಟಿಗೆ ಗೊಬ್ಬರ ಸಾ. ಆಮೇಲೆ... ಮಜ್ಜಿಗೆ."

"ಒಗ್ಗರಣೆ ಹಾಕ್ಲಿಲ್ವಾ?" ಶಿವಮೂರ್ತಿ ರೇಗಿದ. "ಅದು ಮರದ ಮೇಲೆ ಗಾಳಿಗೆ ಬೇರು ಬಿಟ್ಕಂಡು ಬದುಕೋ ಗಿಡ ಕಣ್ರೀ! ಈಗ್ಲೇ ಕೀಳಿ. ಬೇರು ತೊಳ್ದು, ಮೆತ್ತಗಾಗಿರೋದ್ನೆಲ್ಲ ಕತ್ತರಿಸಿ. ಕತ್ತರಿಸಿದ ಕಡೆ ಚಕ್ಕೆ ಪುಡಿ ಹಚ್ಚಿ. ಇದ್ದಿಲು, ತೆಂಗಿನ ಸಿಪ್ಪೆ ಚೂರು ತುಂಬಿ ಕೂರ್ಸಿ, ನೆರಳಲ್ಲಿಡಿ."

"ನಾಕ್ ಗಂಟೆಗೆ ಸರಿಹೋಯ್ತದಾ ಸಾ?"

"ನಾಕ್ ತಿಂಗ್ಳಿಗೆ ಸರಿಹೋದ್ರೆ ನಿಮ್ ಪುಣ್ಯ," ಎಂದು ಫೋನ್ ಇಟ್ಟ.

ಕ್ಯಾಂಟೀನಿನ ಹಿಂದಿನ ನಲ್ಲಿಯ ಕೆಳಗೆ ಆಪರೇಷನ್ ಶುರುವಾಯಿತು. ಮಂಚಮ್ಮ ಒಲೆಯ ಇದ್ದಿಲು, ಪಲಾವಿನ ಚಕ್ಕೆ ಪುಡಿ ತಂದುಕೊಟ್ಟಳು. ಕಲ್ಲಯ್ಯ ತೆಂಗಿನ ಸಿಪ್ಪೆ ಚಚ್ಚಿದ. ಮಧುಕುಮಾರ ಮಣ್ಣು ತೊಳೆದು ನೋಡಿದರೆ ಬೇರುಗಳು ಮುಟ್ಟಿದಲ್ಲೇ ಕಿತ್ತುಬರುತ್ತಿವೆ. ಒಂದೊಂದು ಬೇರಿಗೆ ಕತ್ತರಿ ಹಾಕುವಾಗಲೂ ತನ್ನ ಪರ್ಮನೆಂಟ್ ಲೆಟರನ್ನೇ ಕತ್ತರಿಸಿದಂತೆ ಅವನಿಗೆ ಸಂಕಟವಾಗುತ್ತಿತ್ತು. ಕೊನೆಗೆ ಉಳಿದದ್ದು ಮೂರು ಬೇರು, ನಾಲ್ಕು ಎಲೆ. ಪುಕ್ಕ ಕಿತ್ತ ಕೋಳಿಯ ಹಾಗೆ ಕಾಣುತ್ತಿತ್ತು ಗಿಡ.

ಮೂರೂವರೆ ಆಯಿತು. ಇದನ್ನು ಮೇಡಮ್ಮಿಗೆ ತೋರಿಸಿದರೆ ಕತೆ ಮುಗಿಯಿತು ಎಂದು ಕುಂಡ ಹಿಡಿದು ನಿಂತವನಿಗೆ ಫಕ್ಕನೆ ಹೊಳೆಯಿತು: ಮೇಡಂ ಹೇಳಿದ್ದು 'ಯಾರಾದ್ರೂ' ನೋಡಿಕೊಳ್ಳಿ ಎಂದಲ್ಲವೇ? ಸುತ್ತ ಕಣ್ಣಾಡಿಸಿ ಕುಂಡವನ್ನು ದೀಪಕನ ಮೇಜಿನ ಮೇಲಿಟ್ಟುಬಿಟ್ಟ. ದೀಪಕ ಒಳ್ಳೆಯ ಹುಡುಗ ಎಂಬುದು ನೆನಪಾಗಿ ನಾಚಿಕೆಯೂ ಆಯಿತು. ಆದರೆ ಇಳಿಸಲಿಲ್ಲ.

"ಮಂಚಕ್ಕ, ಕಲ್ಲಣ್ಣ, ಮೇಡಂ ಕೇಳುದ್ರೆ ಇಷ್ಟೇ ಯೋಳಿ. ಬೇರು ಕತ್ತರಿಸಿ ಇದ್ದಿಲು ತುಂಬಿದ್ದು ದೀಪಕ. ಮಧು ಮುಟ್ಟೇ ಇಲ್ಲ."

"ಅವ್ನು ಊರಲ್ಲೇ ಇರ್ಲಿಲ್ವಲ್ಲ ಮಗ?"

"ಬೆಳಿಗ್ಗೆ ಲಾರಿ ಅತ್ತಕ್ ಮುಂಚೆ ಮಾಡ್ದ ಅನ್ನಿ. ಇಲ್ದಿದ್ರೆ ನಿಮ್ ಮಜ್ಜಿಗೆ, ಬಿಸ್ಲು ಎಲ್ಲಾ ಆಚೆಗೆ ಬತ್ತದೆ."

ಇಬ್ಬರೂ ತಕ್ಷಣ ಒಪ್ಪಿದರು. ಮಂಚಮ್ಮ ಎರಡು ಸಲ ಬಾಯಿಪಾಠ ಒಪ್ಪಿಸಿದಳು.

ನಾಲ್ಕಕ್ಕೆ ಸರಿಯಾಗಿ ಮೇಡಂ ಬಂದರು. ಹಿಂದೆಯೇ ಮುಖ ಒರೆಸಿಕೊಳ್ಳುತ್ತ ದೀಪಕನೂ ಬಂದ. ಮೇಡಮ್ಮಿನ ಕಣ್ಣು ಕುಂಡದ ಮೇಲೆ ಬಿತ್ತು. ಬ್ಯಾಗು ಕೆಳಗಿಟ್ಟು, ಬಾಗಿ, ಇದ್ದಿಲ ಚೂರನ್ನು ಸರಿಸಿ ನೋಡಿದರು.

"ಯಾರು ಮಾಡಿದ್ದು ಇದನ್ನ?"

"ನಂಗೊತ್ತಿಲ್ಲ ಮೇಡಂ. ನಾನಲ್ಲ," ಎಂದು ದೀಪಕ ಬೆಪ್ಪಾದ.

"ಅವ್ನೇ ಮೇಡಂ!" ಮಧುಕುಮಾರ ಮುಂದೆ ನುಗ್ಗಿದ. "ನಾನು ಬೇಡ ಬೇಡ ಅಂತ ಕೈ ಮುಗಿದು ಹೇಳ್ದೆ. ಕೇಳ್ಲಿಲ್ಲ."

ಮೇಡಮ್ಮಿನ ಕಣ್ಣು ತುಂಬಿ ಬಂತು.

"ಒಂದು ತಿಂಗಳಿಂದ ಇದರ ಬೇರು ಕೊಳೀತಿತ್ತು, ದೀಪಕ್. ಕತ್ತರಿಸಬೇಕು ಅಂತ ಗೊತ್ತಿತ್ತು, ನನಗೇ ಧೈರ್ಯ ಬರಲಿಲ್ಲ. ಬರೋದ್ರೊಳಗೆ ಸತ್ತಿರುತ್ತೆ ಅಂದ್ಕೊಂಡೇ ಬಂದೆ. ಇಲ್ಲಿ ನೋಡಿ, ಬೇರಿನ ತುದಿ ಹಸಿರಾಗಿದೆ. ಖಂಡಿತ ಬದುಕುತ್ತೆ! ಇಷ್ಟು ಮಾಡಿಯೂ ನಾನಲ್ಲ ಅಂತೀರಲ್ಲ. ಸ್ಟೋರಿಗೆ ಇಂಥವರೇ ಬೇಕಿತ್ತು ನನಗೆ."

ಮಧುಕುಮಾರ ಅವರಿಗೆ ಅಡ್ಡ ಬಂದು ನಿಂತ. "ಮೇಡಂ, ನಿಜ ಹೇಳ್ಬೇಕಂದ್ರೆ... ಅದನ್ನ ಮಾಡಿದ್ದು ನಾನೇ..."

"ಇವ್ನಾ?" ಬಾಗಿಲಲ್ಲಿ ಟೀ ತಟ್ಟೆ ಹಿಡಿದಿದ್ದ ಮಂಚಮ್ಮ ಸಮಯಕ್ಕೆ ಸರಿಯಾಗಿ ಒದಗಿದಳು. "ಇವ್ನು ಮುಟ್ಟೇ ಇಲ್ಲ ಕಣವ್ವ! ಬೇರು ಕತ್ತರಿಸಿ ಇದ್ದಿಲು ತುಂಬಿದ್ದು ದೀಪಕ್ಕು. ನಂಜುಂಡನಾಣೆ!"

"ನಾನೂ ಕಣ್ಣಾರ ಕಂಡಿವ್ನಿ ಮೇಡಂ," ಎಂದು ಕಲ್ಲಯ್ಯ ಸೆಲ್ಯೂಟ್ ಹೊಡೆದ.

ನಂಜನಗೂಡಿನಲ್ಲಿ ನಂಜುಂಡನ ಆಣೆ ಬಿದ್ದ ಮೇಲೆ ಮುಂದೆ ಮಾತುಂಟೇ? ಮೇಡಂ ಮಧುಕುಮಾರನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬೇಡ ಅಂದಿದ್ದೂ ನೀವೇ, ಈಗ ಮಾಡಿದ್ದೂ ನೀವೇನಾ?" ಎಂದಷ್ಟೇ ಹೇಳಿ ಒಳಗೆ ಹೋದರು. ಐದು ಗಂಟೆಗೆ ಪಟ್ಟಿ ಹೊರಬಂತು. ದೀಪಕ ಪರ್ಮನೆಂಟ್. ಮಧುಕುಮಾರನಿಗೆ ಇನ್ನೊಂದು ವರ್ಷ ಕಾಂಟ್ರ್ಯಾಕ್ಟು.

ಶಿಫ್ಟು ಬಿಡುವ ಹೊತ್ತಿಗೆ ದೀಪಕ ಕುಂಡವನ್ನು ಎರಡು ಕೈಯಲ್ಲಿ ಹಿಡಿದು ಅಳುಮೋರೆ ಮಾಡಿಕೊಂಡು ಬಂದ.

"ಅಣ್ಣಾ, ಇನ್ಮೇಲೆ ಗಿಡ ನಂದೇ ಜವಾಬ್ದಾರಿ ಅಂದವ್ರೆ. ನಂಗೆ ದಾಸವಾಳ ನೆಟ್ಟೂ ಗೊತ್ತಿಲ್ಲ. ಇದೇನಾದ್ರೂ ಸತ್ರೆ ನನ್ ಗತಿ ಏನಣ್ಣ? ನೀನೇ ನೋಡ್ಕತೀಯಾ?"

ಮಧುಕುಮಾರನಿಗೆ ಮೈಯೆಲ್ಲ ಉರಿಯಿತು. ಆದರೆ ದೀಪಕನ ಕೈಯಲ್ಲಿ ಕುಂಡ ವಾಲಿ, ಇದ್ದಿಲು ಒಂದೊಂದೇ ನೆಲಕ್ಕೆ ಬೀಳುತ್ತಿತ್ತು. ನೋಡಲಾಗಲಿಲ್ಲ.

"ತತ್ತಾ ಇಲ್ಲಿ. ಇಂಗಾ ಇಡಿಯದು?" ಎಂದು ಕಿತ್ತುಕೊಂಡು, ಬಿದ್ದ ಚೂರುಗಳನ್ನು ಆರಿಸಿ ತುಂಬಿ, ಕುಂಡವನ್ನು ತನ್ನ ಮೇಜಿನ ನೆರಳಿಗೆ ಇಟ್ಟುಕೊಂಡ.