ಅವರೆಕಾಯಿ ಸುಲಿಯುತ್ತಾ ಗ್ರೀಕ್ ಕಲಿತದ್ದು

ಎಲ್ಲದಕ್ಕೂ ಹೊತ್ತು ಬರೆದಿಡುವವರಿಗೆ ಒಂದು ಅಹಂಕಾರವಿರುತ್ತದೆ. ನನಗೂ ಇದೆ, ಮುಚ್ಚಿಡುವುದಿಲ್ಲ. ಆರ್‌ಪಿಸಿ ಲೇಔಟಿನ ನಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ಯಾವತ್ತು ಬಂತು, ಎಷ್ಟು ದಿನ ಬಾಳಿತು, ಆಫೀಸಿಗೆ ಹೋಗುವ ಬಸ್ಸು ತಿಂಗಳಲ್ಲಿ ಎಷ್ಟು ಸಲ ಕೈಕೊಟ್ಟಿತು, ಎಲ್ಲವೂ ನನ್ನ ಡೈರಿಯಲ್ಲಿದೆ. "ನನ್ ಕೈಲಿ ಆಗಿದ್ರೆ ನೀನು ಹುಟ್ಟಿದ ಹೊತ್ತನ್ನೂ ನಿನ್ನ ಕೈಲೇ ಬರೆಸ್ತಿದ್ದೆ ಕಣೋ" ಎನ್ನುತ್ತಾಳೆ ಅಮ್ಮ. ಇಂಥ ನಾನು ಪ್ರಾಚೀನ ಗ್ರೀಕ್ ಕಲಿಯಲು ಹೊರಟಾಗ, ಆ ಭಾಷೆ ಮೂರು ತಿಂಗಳಲ್ಲಿ ಬಗ್ಗುತ್ತದೆಂದೇ ನಂಬಿದ್ದೆ.

ನಮ್ಮ ಬಡಾವಣೆಯ ಪಕ್ಕದ ಹೊಸಹಳ್ಳಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಭಾನುವಾರ ಬೆಳಿಗ್ಗೆ ಪುಕ್ಕಟೆಯಾಗಿ ಗ್ರೀಕ್ ಹೇಳಿಕೊಡುತ್ತಿದ್ದರು. ಪೂರ್ತಿ ಪುಕ್ಕಟೆಯೇನಲ್ಲ. ಅವರೆಕಾಯಿಯ ಕಾಲ ಅದು. ಅವರ ಹೆಂಡತಿ, ನಾವು ಆಂಟಿ ಎನ್ನುತ್ತಿದ್ದವರು, ವರಾಂಡದಲ್ಲಿ ಮಂಕರಿ ತುಂಬ ಕಾಯಿ ತಂದು ಸುರಿದರೆ ನಾಲ್ವರು ಶಿಷ್ಯರೂ ಸುತ್ತ ಕೂತು ಸುಲಿಯುತ್ತಾ ಪಾಠ ಕೇಳಬೇಕು. "ಕೈಗೆ ಪೆನ್ ಸಿಕ್ರೆ ಕಿವಿ ನಿದ್ದೆ ಹೋಗುತ್ತೆ" ಎಂಬುದು ಮೇಷ್ಟ್ರ ಸಿದ್ಧಾಂತ. ಡೈರಿ ಚೀಲದಲ್ಲೇ ಉಳಿಯಿತು.

ಎಂಟನೆಯ ಭಾನುವಾರ ಕೃದಂತಗಳು ಬಂದವು, ಅಂದರೆ ನಮ್ಮ 'ಮಾಡುತ್ತಾ', 'ಮಾಡಿ' ಥರದ ಪದಗಳು. ಗ್ರೀಕರು ಇವಿಲ್ಲದೆ ಒಂದು ವಾಕ್ಯವನ್ನೂ ಮುಗಿಸುವುದಿಲ್ಲ. ಮೇಷ್ಟ್ರು ಒಂದು ಕಾಯಿ ಎತ್ತಿಕೊಂಡರು. "ಸುಲೀತಾ ಇದೀನಿ, ಇದು ನಡೀತಾ ಇರೋ ಕೆಲಸ, ನಾವು ಅದರೊಳಗೇ ಇದೀವಿ. ಸುಲಿದೆ, ಇಡೀ ಕೆಲಸ ಒಂದೇ ನೋಟಕ್ಕೆ ಕಾಣ್ತು. ಸುಲಿದಿಟ್ಟಿದೆ, ಕೆಲಸ ಆಗಿಹೋಯ್ತು, ಕಾಳು ತಟ್ಟೇಲಿ ಕೂತಿದೆ. ಗ್ರೀಕಿನವರು ಈ ಮೂರಕ್ಕೂ ಬೇರೆ ಬೇರೆ ಕೃದಂತ ರೂಪ ಇಟ್ಕೊಂಡಿದಾರೆ. ಯಾವುದಕ್ಕೂ ಸ್ವಂತ ಗಡಿಯಾರ ಇಲ್ಲ. ಮುಖ್ಯ ಕ್ರಿಯಾಪದ ನಿನ್ನೇದಾದ್ರೆ ಇವೂ ನಿನ್ನೆಗೆ ಹೋಗ್ತವೆ, ನಾಳೇದಾದ್ರೆ ನಾಳೆಗೆ ಬರ್ತವೆ."

ಸ್ವಂತ ಗಡಿಯಾರ ಇಲ್ಲದ್ದನ್ನು ನಾನು ಹೇಗೆ ಸಹಿಸಲಿ? ಮನೆಗೆ ಬಂದು ಅಭ್ಯಾಸದ ವಾಕ್ಯಗಳಿಗೆಲ್ಲ ವೇಳಾಪಟ್ಟಿ ಹಾಕಿದೆ. 'ಹೆಂಗಸು ಉತ್ತರ ಕೊಟ್ಟು ಹೇಳಿದಳು' ಎಂಬುದರ ಪಕ್ಕದಲ್ಲಿ: ಉತ್ತರ, 10.02; ಹೇಳಿದ್ದು, 10.03. ಮುಂದಿನ ವಾರ ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿ, ಕನ್ನಡಕದ ಮೇಲಿಂದ ನೋಡಿದರು.

"ಈ ಒಂದು ನಿಮಿಷ ಆಯಮ್ಮ ಏನ್ ಮಾಡ್ತಿದ್ಲಪ್ಪ?"

"ನೀರು ಕುಡ್ದಿರಬೇಕ್ರೀ ಸರ" ಎಂದ ಬಸು. ನಮ್ಮ ನಾಲ್ವರಲ್ಲೊಬ್ಬ, ಗದಗಿನ ಹುಡುಗ, ಇಲ್ಲೇ ವಿಜಯನಗರದ ಔಷಧಿ ಅಂಗಡಿಯಲ್ಲಿ ಕೆಲಸ. ಆಂಟಿ ನಕ್ಕು ಕಾಳು ಚೆಲ್ಲಿದರು.

"'ಮಾಡಿ' ಅಂದ್ರೆ ಸಾಮಾನ್ಯವಾಗಿ ಮೊದಲು ಆದದ್ದೇ" ಎಂದರು ಮೇಷ್ಟ್ರು. "ಆದ್ರೆ ಇಲ್ಲಿ ಉತ್ತರ ಕೊಟ್ಟಿದ್ದೂ ಹೇಳಿದ್ದೂ ಒಂದೇ ಕೆಲಸ. ಮಧ್ಯೆ ನಿಮಿಷ ಹುಡುಕಬೇಡ." ಆಮೇಲೆ ಮಾಮೂಲಿ ದನಿಯಲ್ಲೇ, ಬರುವ ಭಾನುವಾರ ಪರೀಕ್ಷೆ ಇಟ್ಟು ಮುಂದಿನ ಹಂತಕ್ಕೆ ಇಬ್ಬರನ್ನು ಮಾತ್ರ ಉಳಿಸಿಕೊಳ್ಳುವುದಾಗಿ ಹೇಳಿದರು. ಅಲ್ಲಿಂದ ನಿಜವಾದ ಪುಸ್ತಕ ಓದುವುದು, ಮತ್ತು ಅವರ ಹತ್ತಿರ ಇದ್ದದ್ದು ಎರಡೇ ಪ್ರತಿ.

ಆ ವಾರ ನಾನು ಅಮ್ಮನಿಂದ ಎರಡು ಕೇಜಿ ಅವರೆಕಾಯಿ ತರಿಸಿ, ಡೈರಿ ಮುಟ್ಟದೆ, ಸುಲಿಯುತ್ತಾ ವಾಕ್ಯಗಳನ್ನು ಬಾಯಿಪಾಠ ಹೇಳಿಕೊಂಡೆ. ಮೂರನೆಯ ದಿನಕ್ಕೆ ಯಾವುದು ನಡೆಯುತ್ತಿದೆ, ಯಾವುದು ಆಗಿ ಕೂತಿದೆ ಎಂದು ಕಿವಿಗೇ ತಿಳಿಯತೊಡಗಿತು. ಸಾರು ತಿಂದೂ ತಿಂದೂ ಅಮ್ಮನಿಗೆ ಮಾತ್ರ ಗ್ರೀಕರ ಮೇಲೆ ಸಿಟ್ಟು ಬಂತು.

ಪರೀಕ್ಷೆಯ ದಿನ ಮೇಷ್ಟ್ರು ಹತ್ತು ವಾಕ್ಯ ಹೇಳಿದರು. ಹತ್ತಕ್ಕೂ ಅರ್ಥ ಹೇಳಿದೆ, ಎಲ್ಲೂ ತಡವರಿಸಲಿಲ್ಲ. ಕೊನೆಯಲ್ಲಿ, "ಈ ಎರಡು ಕೆಲಸದ ಮಧ್ಯೆ ಎಷ್ಟು ನಿಮಿಷ?" ಎಂದು ಕೆಣಕಿದರು. "ಗೊತ್ತಿಲ್ಲ ಸಾರ್" ಎಂದೆ. ಜೀವನದಲ್ಲಿ ಅಷ್ಟು ಹೆಮ್ಮೆಯಿಂದ ಆ ಮಾತು ಹೇಳಿದ್ದಿಲ್ಲ.

"ನೀನೂ ಬಸೂನೂ" ಎಂದರು ಮೇಷ್ಟ್ರು. ನಾನು ಥಟ್ಟನೆ ಗಡಿಯಾರ ನೋಡಿಕೊಂಡೆ: 11.17. ಅಷ್ಟರಲ್ಲಿ ಅವರು ಇನ್ನೇನೋ ಹೇಳಿ ಮುಗಿಸಿದ್ದರು.

ರಸ್ತೆಗೆ ಬಂದ ಮೇಲೆ ಬಸುವನ್ನು ಕೇಳಿದೆ, "ಕ್ಲಾಸ್ ಯಾವತ್ತಿಂದ ಅಂದ್ರು?"

"ನೀ ಎಲ್ಲಾ ಬರ್ಕೊಳ್ಳಾಂವ ಅದೀಯಲ್ಲ, ನಾ ಎದಕ್ಕ ಕೇಳ್ಲಿ?" ಎಂದ.

ವಾಪಸು ಹೋಗಿ ಗೇಟು ತಟ್ಟಿದೆ. ಆಂಟಿ ಬಂದರು. "ಎರಡು ಸಲ ಹೇಳಿದ್ರಲ್ಲಪ್ಪ, ಮುಂದಿನ ಭಾನುವಾರ, ಏಳು ಗಂಟೆಗೆ" ಎಂದರು. ಈ ಸಲ ಬಿಡಬಾರದೆಂದು ಅಲ್ಲೇ ಡೈರಿ ತೆಗೆದು ಬರೆದುಕೊಂಡೆ. ಬರೆದುಕೊಳ್ಳುತ್ತಿದ್ದಾಗ ಅವರು ಮತ್ತೇನೋ ಹೇಳಿದರು. ಅದೇನೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.